ಯಾರ ಡಬ್ಬಿಯಲ್ಲಿ ನಿಜವಾದ ಗುಳಿಗೆ

ಹೊಸ ಔಷಧ ಪರೀಕ್ಷೆ ಮಾಡುವ ಡಾಕ್ಟರೊಬ್ಬರನ್ನು ನಮ್ಮ ಕಡೆಯ ಹೆಂಗಸರ ನಡುವೆ ಬಿಟ್ಟರೆ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅವೇ ನನ್ನ ಅಂಗಡಿ ಹುಡುಕಿಕೊಂಡು ಬರುತ್ತವೆ.

ಚನ್ನಗಿರಿಯಲ್ಲಿ ನನ್ನದೊಂದು ರೊಟ್ಟಿ ಅಂಗಡಿ ಇದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಯಾರೂ ಕಟ್ಟಿಕೊಟ್ಟದ್ದಲ್ಲ, ನಾನೇ ಕಟ್ಟಿದ್ದು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡು, ಗೋಡೆ ಬರಹ, ಪೊಟ್ಟಣ ಕಟ್ಟುವ ಹಳೇ ಪೇಪರು, ಇವನ್ನೇ ಓದಿ ಓದಿ ಅಕ್ಷರ ಕಲಿತೆ. ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಓದಿದ್ದು ಸರಿ ಕಾಣದಿದ್ದರೆ ಬರೆದವರ ಮೇಲೆ ಜಗಳಕ್ಕೂ ಹೋಗುತ್ತೇನೆ.

ನನಗೆ ಸಕ್ಕರೆ ಕಾಯಿಲೆ. ಅದಕ್ಕೆ ತೋರಿಸಲು ಹೋದಾಗ ಡಾಕ್ಟ್ರಮ್ಮನ ಪರಿಚಯವಾಯಿತು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಕ್ಕರೆ, ಥೈರಾಯ್ಡು, ಕೀಲುವಾತ ಇಂಥವಕ್ಕೆ ಬರುತ್ತಿರುವ ಹೊಸ ಔಷಧಗಳು ನಿಜಕ್ಕೂ ಕೆಲಸ ಮಾಡುತ್ತವೆಯೋ ಇಲ್ಲವೋ ಎಂದು ನೋಡುವುದೇ ಆಕೆಯ ಕೆಲಸ. ಅದಕ್ಕಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಜೀಪಿನಲ್ಲಿ ಸುತ್ತುತ್ತಿದ್ದಳು. ನಾನು ಕೇಳಿದ ಪ್ರಶ್ನೆಗಳಿಗೆ ಸುಸ್ತಾಗಿ ಒಂದು ದಿನ, "ಅಮ್ಮ, ನಿಮಗೆ ಉತ್ತರ ಹೇಳೋದಕ್ಕಿಂತ ನಿಮ್ಮನ್ನ ಜೊತೆಗೇ ಕರ್ಕೊಂಡು ಹೋಗೋದು ಸುಲಭ. ಹೆಂಗಸರ ಹತ್ರ ನೀವೇ ಮಾತಾಡಿ" ಅಂದಳು. ಹತ್ತಿ ಕೂತೆ.

ಹತ್ತಿ ಕೂರಲು ಇನ್ನೊಂದು ಕಾರಣವೂ ಇತ್ತು. ನನ್ನ ಅಂಗಡಿಯ ರೊಟ್ಟಿಯಕ್ಕ. ಸೂಳೆಕೆರೆ ದಂಡೆಯ ಊರಿನವಳು. ಆಕೆ ತಟ್ಟಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರು ಕಾಣುತ್ತಿದ್ದರು. ಅಂಥವಳ ಬೆರಳು ಕೀಲುವಾತದಿಂದ ಊದಿಕೊಂಡು, ಬೆಳಗ್ಗೆ ಎದ್ದರೆ ಲೋಟ ಹಿಡಿಯಲೂ ಮಡಚುತ್ತಿರಲಿಲ್ಲ. ಔಷಧ ತಿನ್ನುತ್ತಿದ್ದಳು, ಅರ್ಧಂಬರ್ಧ ಗುಣ. "ಮಿಷನ್ ತಂದುಬಿಡ್ರಿ" ಎಂದು ಹೇಳಿದವರಿಗೆಲ್ಲ ನಾನು, "ಅದು ಅವಳ ಜಾಗ" ಅಂದೆ. ಒಲೆ ಮುಂದೆ ನಾನೇ ಕೂತೆ. ನನ್ನ ರೊಟ್ಟಿ ತಿಂದ ಗಿರಾಕಿಗಳು ನನಗಿಂತ ಹೆಚ್ಚಾಗಿ ಅವಳ ಕೈ ಗುಣವಾಗಲಿ ಎಂದು ಹರಕೆ ಹೊತ್ತರು.

ತೋಳಿನ ಗುಂಡಿ

ಡಾಕ್ಟ್ರಮ್ಮ ಮೊದಲು ನನ್ನ ತೋಳಿಗೇ ಒಂದು ಗುಂಡಿ ಅಂಟಿಸಿದಳು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಮೈಯೊಳಗಿನ ಸಕ್ಕರೆ ಏರಿದ್ದು ಇಳಿದದ್ದೆಲ್ಲ ಹಗಲೂ ರಾತ್ರಿ ನನ್ನ ಮೊಬೈಲಿಗೆ, ಅಲ್ಲಿಂದ ಅವಳ ಮೊಬೈಲಿಗೆ ಹೋಗುತ್ತದೆ. ಸೂಜಿ ಚುಚ್ಚುವ ಗೋಳಿಲ್ಲ. ಇದನ್ನು ಕಂಡುಹಿಡಿದವರ ತಲೆಗೆ ಕೈ ಮುಗಿಯಬೇಕು ಎಂದುಕೊಂಡೆ. ಆ ಭಕ್ತಿ ನ್ಯಾಮತಿಯ ಗೃಹಪ್ರವೇಶದವರೆಗೆ ಇತ್ತು.

ಅಲ್ಲಿ ಹೋಳಿಗೆ ಊಟ. ಕೈ ತೊಳೆದು ಎಲೆಅಡಿಕೆ ಹಾಕುತ್ತಿದ್ದೆ, ಫೋನು ಬಂತು.

"ಅಮ್ಮ, ಏನು ತಿಂದ್ರಿ?"

"ಏನಿಲ್ಲವ್ವ."

"ಈ 'ಏನಿಲ್ಲ'ಕ್ಕೆ ತುಪ್ಪ ಹಾಕಿದ್ರೋ, ಹಾಲು ಹಾಕಿದ್ರೋ?"

ಮನೆಯ ಯಜಮಾನಿಗೆ ಕೇಳಿಸಿತು. ತಮ್ಮ ಮನೆಯ ಹೋಳಿಗೆಗೆ ತಕರಾರು ಬಂತೆಂದು ಆಕೆಗೆ ಸಿಟ್ಟು. "ದೂರದಿಂದ ವಾಸನೆ ನೋಡಿದ್ರೆ ಹಿಂಗೇ. ಒಂದಿಷ್ಟು ಕಟ್ಟಿಕೊಡ್ತೀನಿ, ತಿಂದು ಆಮೇಲೆ ಮಾತಾಡಾಕೆ ಹೇಳ್ರಿ" ಎಂದು ಬಾಳೆಎಲೆಯಲ್ಲಿ ಸುತ್ತಿ ಕೊಟ್ಟಳು. ತಂದು ಕೊಟ್ಟೆ.

ಮಾರನೇ ವಾರ ಜೀಪಿನಲ್ಲಿ ಕೇಳಿದೆ, "ಹೋಳಿಗೆ ಹೆಂಗಿತ್ತವ್ವ? ಒಂದು ತಿಂದ್ಯೋ, ಎರಡೋ?"

ಡಾಕ್ಟ್ರಮ್ಮ ಕಿಟಕಿಯಾಚೆ ನೋಡುತ್ತಾ ಅಂದಳು, "ನನ್ನ ತೋಳಿಗೆ ಗುಂಡಿ ಇಲ್ಲವಲ್ಲಮ್ಮ, ಹೇಗೆ ಹೇಳಲಿ?"

ಮಂದೆಯ ನಾಯಿ

ಕೀಲುವಾತ ಯಾಕೆ ಬರುತ್ತದೆ ಎಂದು ಜಗಳೂರಿನಲ್ಲಿ ಒಂದು ಮರದ ಕೆಳಗೆ ಕೂಡಿಸಿ ಹೇಳಬೇಕಿತ್ತು. ಡಾಕ್ಟ್ರಮ್ಮ ಪುಸ್ತಕದ ಮಾತು ಬಿಟ್ಟು ಚೆನ್ನಾಗಿ ಹೇಳಿದಳು. ನಮ್ಮ ಮೈಯೊಳಗೆ ಕಾವಲಿನ ಪಡೆ ಇದೆ, ಹೊರಗಿಂದ ಬಂದ ರೋಗದ ಮೇಲೆ ಬೀಳುವುದು ಅದರ ಕೆಲಸ. ಕೆಲವರಲ್ಲಿ ಅದು ದಾರಿ ತಪ್ಪಿ, ಅವರದೇ ಕೀಲುಗಳ ಮೇಲೆ ಬೀಳುತ್ತದೆ. ಕೆಲವರಲ್ಲಿ ಥೈರಾಯ್ಡಿನ ಮೇಲೆ.

ಕುರಿ ಕಾಯುವ ಮುದುಕರೊಬ್ಬರು ಕಂಬಳಿ ಸರಿಮಾಡಿಕೊಂಡು, "ಗೊತ್ತಾತು ಬಿಡವ್ವ. ಮಂದೆ ಕಾಯೋ ನಾಯಿ ಮಂದೆಗೇ ಬಾಯಿ ಹಾಕಿದಂಗೆ" ಅಂದರು.

ಡಾಕ್ಟ್ರಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಕುರ್ಚಿಯಿಂದ ಎದ್ದೇಬಿಟ್ಟಳು. "ಅಷ್ಟೇ ಅಜ್ಜ! ಮೊದಲೆಲ್ಲ ಇದ್ದ ಔಷಧ ಹೇಗಿತ್ತು ಅಂದ್ರೆ, ಒಂದು ನಾಯಿ ಕಚ್ಚಿದ್ರೆ ಎಲ್ಲ ನಾಯಿಗೂ ಮಂಪರು ಬರಿಸಿದ ಹಾಗೆ. ಈಗ ಕಚ್ಚೋ ನಾಯಿ ಯಾವುದು ಅಂತ ಹುಡುಕಿ ಅದರ ಬಾಯಿಗೆ ಮಾತ್ರ ಕುಕ್ಕೆ ಕಟ್ಟೋಕೆ ನೋಡ್ತಿದ್ದಾರೆ. ನೀವು ಅಂಥ ನಾಯಿ ಸಿಕ್ಕಿದ್ರೆ ಏನು ಮಾಡ್ತೀರಿ ಅಜ್ಜ?"

ಎಲ್ಲರೂ ಮುದುಕರ ಬಾಯಿ ನೋಡಿದರು.

"ಬಾಳ ಒಳ್ಳೇ ನಾಯಿ ಅಂತ ಹೇಳಿ ಬೀಗರಿಗೆ ಕೊಟ್ಟುಬಿಡ್ತೀವಿ."

ಮೊದಲೇ ಬಂದ ತೊಂದರೆ

ಕೀಲುವಾತಕ್ಕೆ ಒಂದು ಹೊಸ ಗುಳಿಗೆಯ ಪರೀಕ್ಷೆ ಶುರುವಾಯಿತು. ಸೇರುವವರಿಗೆ ಅದರಿಂದ ಏನೇನು ತೊಂದರೆ ಆಗಬಹುದು ಎನ್ನುವುದನ್ನು ಮೊದಲೇ ಓದಿ ಹೇಳಿ, ಒಪ್ಪಿದರೆ ಮಾತ್ರ ಸೇರಿಸಬೇಕು. ಒಪ್ಪದಿದ್ದರೆ ಮುಖ ಗಂಟು ಹಾಕಬಾರದು. ಈ ಪದ್ಧತಿ ನನಗೆ ಬಹಳ ಹಿಡಿಸಿತು. ಮದುವೆ ಮಾಡುವಾಗ ನಮಗೆ ಯಾರೂ ಹೀಗೆ ಓದಿ ಹೇಳಿರಲಿಲ್ಲ.

ನ್ಯಾಮತಿಯಲ್ಲಿ ಓದುವ ಕೆಲಸ ನನ್ನದು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. "ತಲೆನೋವು ಬರಬಹುದು. ಸುಸ್ತಾಗಬಹುದು. ಹೊಟ್ಟೆ ತೊಳಸಬಹುದು. ನಿದ್ದೆ ಸರಿಯಾಗಿ ಬಾರದೆ ಇರಬಹುದು. ಊಟ ರುಚಿಸದೆ ಇರಬಹುದು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆದರಿದರೇನೋ ಎಂದು ಡಾಕ್ಟ್ರಮ್ಮ, "ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?" ಅಂದಳು.

ಮುಂದಿನ ಸಾಲಿನ ಹೆಂಗಸು ಕೈ ಎತ್ತಿದಳು. "ಇವೆಲ್ಲ ನಮಗೆ ಮದುವೆ ಆದಾಗಿಂದ ಅದಾವೆ ರೀ. ಗುಳಿಗೆ ಯಾವಾಗ ಕೊಡ್ತೀರಿ?"

ಕೊಡುವವಳಿಗೂ ಗೊತ್ತಿಲ್ಲ

ಆ ಪರೀಕ್ಷೆಗೆ ನಮ್ಮ ರೊಟ್ಟಿಯಕ್ಕನನ್ನೂ ಸೇರಿಸಬೇಕೆಂದು ನಾನೇ ಹಟ ಹಿಡಿದೆ. ಅವಳ ಒಪ್ಪಿಗೆ ಕೇಳುವಾಗ ಡಾಕ್ಟ್ರಮ್ಮ ಹೇಳಿದಳು, ಅರ್ಧ ಜನಕ್ಕೆ ನಿಜವಾದ ಗುಳಿಗೆ, ಉಳಿದವರಿಗೆ ಔಷಧವೇ ಇಲ್ಲದ ಖಾಲಿ ಗುಳಿಗೆ. ನೋಡಲು ಎರಡೂ ಒಂದೇ. ನನಗೆ ಉರಿದುಹೋಯಿತು.

"ಏನವ್ವಾ ಇದು? ಉಪ್ಪಿಲ್ಲದ ರೊಟ್ಟಿಗೆ ಉಪ್ಪಿನ ರೊಟ್ಟಿ ಅಂತ ಹೆಸರು ಹೇಳಿ ಕೊಡ್ತೀಯಾ?"

"ಅವರ ಹಳೇ ಔಷಧ ನಿಲ್ಲಿಸಲ್ಲಮ್ಮ. ಅದರ ಜೊತೆಗೆ ಇದು. ಹೊಸದನ್ನ ಎಲ್ಲರಿಗೂ ಕೊಟ್ಟರೆ, ಗುಣ ಆಗಿದ್ದು ಗುಳಿಗೆಯಿಂದಲೋ, ಗುಣ ಆಗುತ್ತೆ ಅನ್ನೋ ನಂಬಿಕೆಯಿಂದಲೋ ಹೇಗೆ ಗೊತ್ತಾಗಬೇಕು?"

"ಇವಳಿಗೆ ಯಾವುದು ಬರ್ತೈತೆ, ಅದನ್ನಾದ್ರೂ ಹೇಳು."

"ನನಗೂ ಗೊತ್ತಿಲ್ಲಮ್ಮ. ನನಗೆ ಗೊತ್ತಾದ್ರೆ ನನ್ನ ಮುಖ ನೋಡಿ ನೀವು ಕಂಡುಹಿಡಿದುಬಿಡ್ತೀರಿ."

ಅದು ನಿಜ. ಹೋಳಿಗೆ ವಿಷಯದಲ್ಲಿ ಕಂಡುಹಿಡಿದಿದ್ದೆ. ಆದರೂ ನಾನು ಸೋಲೊಪ್ಪಲಿಲ್ಲ, ಜೀಪಿನಿಂದ ಇಳಿಯುವವರೆಗೂ ವಾದ ಮಾಡಿದೆ. ರೊಟ್ಟಿಯಕ್ಕ ಮಾತ್ರ ನನ್ನ ಸೆರಗು ಎಳೆದು ಮೆಲ್ಲಗೆ ಅಂದಳು, "ಅಕ್ಕಾ, ಸುಮ್ನಿರ್ರಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ ಡಾಕ್ಟರನ್ನ ನಾನು ಇದೇ ಮೊದಲು ನೋಡಿದ್ದು. ಇವರ ಕೈಯಾಗೆ ಖಾಲಿ ಗುಳಿಗೇನೂ ನುಂಗ್ತೀನಿ."

ಎರಡು ಡಬ್ಬಿ, ಒಂದು ಡಬ್ಬಿ

ರೊಟ್ಟಿಯಕ್ಕನಿಗೆ ಒಬ್ಬ ತಂಗಿ. ಅಕ್ಕನನ್ನು ಅಣ್ಣನಿಗೆ, ತಂಗಿಯನ್ನು ತಮ್ಮನಿಗೆ ಕೊಟ್ಟಿದ್ದರಿಂದ ಇಬ್ಬರೂ ಒಂದೇ ಮನೆಯ ಸೊಸೆಯರು. ತಂಗಿಗೂ ಅದೇ ಕಾಯಿಲೆ, ಅವಳೂ ಪರೀಕ್ಷೆಗೆ ಸೇರಿದ್ದಳು. ಒಂದು ಸಲ ಡಾಕ್ಟ್ರಮ್ಮ ಉಳಿದ ಗುಳಿಗೆ ಎಣಿಸಲು ನನ್ನ ಅಂಗಡಿಗೆ ಬಂದಿದ್ದಾಗ, ಡಬ್ಬಿ ತೋರಿಸಲು ಇಬ್ಬರೂ ಬಂದರು. ಮೇಜಿನ ಮೇಲೆ ಒಂದೇ ಡಬ್ಬಿ ಇಟ್ಟರು.

ಡಾಕ್ಟ್ರಮ್ಮ ಕೇಳಿದಳು, "ಇನ್ನೊಬ್ಬರದು ಎಲ್ಲಿ?"

"ಇದೇ ರೀ."

"ಇದು ಯಾರದು?"

"ಇಬ್ಬರದೂ ರೀ. ಎರಡೂ ಸುರಿದು ಚೆನ್ನಾಗಿ ಅಲುಗಾಡಿಸಿ ಇಟ್ಟೀವಿ. ದಿನಾ ಒಂದೊಂದು ತಗೊಂತೀವಿ."

ಡಾಕ್ಟ್ರಮ್ಮ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಳು. "ಯಾರು ಹೇಳಿದ್ದು ಹೀಗೆ ಮಾಡಿ ಅಂತ?"

"ಯಾರು ಹೇಳ್ಬೇಕು ರೀ?" ಅಂದಳು ತಂಗಿ. "ನಮ್ಮ ಮನ್ಯಾಗೆ ಒಂದು ಮಾವಿನಹಣ್ಣು ಬಂದ್ರೂ ಇಬ್ಬರಿಗೂ ಕೊಯ್ತೀವಿ. ಒಬ್ಬಳ ಡಬ್ಬ್ಯಾಗೆ ಬರೀ ಖಾಲಿ ಇದ್ದು, ನನ್ನ ಕೈ ಆಡಿ ಅಕ್ಕನ ಕೈ ಹಂಗೇ ಇದ್ರೆ, ಅವಳ ಮುಂದೆ ಹೆಂಗೆ ಉಣ್ಣಲಿ ನಾನು?"

ನನಗೆ ನಗು ಬಂತು, ಆದರೆ ರೊಟ್ಟಿಯಕ್ಕನ ಮುಖ ನೋಡಿ ನುಂಗಿಕೊಂಡೆ. "ನಮ್ಮನ್ನ ತೆಗೆದು ಹಾಕ್ತೀರಾ ರೀ? ಹಂಗಾದ್ರೆ ನನ್ನ ಕೈ?" ಎಂದು ಊದಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ನಾನು ಡಾಕ್ಟ್ರಮ್ಮನನ್ನು ಒಳಗೆ ಕರೆದು, "ಯಾರಿಗೂ ಗೊತ್ತಾಗಲ್ಲ, ಬಿಟ್ಟುಬಿಡವ್ವ" ಅಂದೆ.

"ಅಮ್ಮ, ಸೀದುಹೋದ ರೊಟ್ಟಿನ ಕಟ್ಟಿನ ಕೆಳಗೆ ಇಟ್ಟು ಗಿರಾಕಿಗೆ ಕೊಡ್ತೀರಾ?"

"ಕೊಡಲ್ಲ. ನಾನೇ ತಿಂತೀನಿ."

"ಇದನ್ನ ನಾನು ತಿನ್ನಬೇಕು" ಎಂದು ಹೇಳಿ ನನ್ನೆದುರಿಗೇ ತನ್ನ ಮೇಲಿನ ಡಾಕ್ಟರಿಗೆ ಫೋನು ಮಾಡಿದಳು. ಒಂದಕ್ಷರ ಮುಚ್ಚಿಡಲಿಲ್ಲ. ಆ ಕಡೆಯಿಂದ ಬೈಗುಳ ಬಂದದ್ದು ನನಗೂ ಕೇಳಿಸಿತು. ಕಡೆಗೆ ಹೀಗೆಂದು ತೀರ್ಮಾನವಾಯಿತು: ಈ ಇಬ್ಬರ ಫಲಿತಾಂಶವನ್ನು ಉಳಿದವರ ಜೊತೆ ಸೇರಿಸುವುದಿಲ್ಲ, ಆದರೆ ಹೊಸ ಡಬ್ಬಿ ಕೊಟ್ಟು ಕೊನೆಯವರೆಗೂ ನೋಡಿಕೊಳ್ಳುತ್ತಾರೆ. ಡಾಕ್ಟ್ರಮ್ಮ ಹೊರಗೆ ಬಂದು ರೊಟ್ಟಿಯಕ್ಕನ ಎರಡೂ ಕೈ ಹಿಡಿದುಕೊಂಡು, "ನಿಮ್ಮನ್ನ ಬಿಡಲ್ಲ. ಆದರೆ ಇನ್ಮೇಲೆ ಅವರವರ ಡಬ್ಬಿ ಅವರವರಿಗೆ" ಅಂದಳು. ಅಂಥ ಹುಡುಗಿಯ ಜೊತೆ ವಾದ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ, ಆದರೆ ಅವಳ ಮೇಲೆ ಗೌರವ ದುಪ್ಪಟ್ಟಾಯಿತು.

ಅಕ್ಕತಂಗಿಯರು ಒಪ್ಪಿ ಎದ್ದರು. ಬಾಗಿಲಲ್ಲಿ ತಂಗಿ ತಿರುಗಿ ಕೇಳಿದಳು, "ಡಬ್ಬಿ ಬೇರೆಬೇರೆ ಸರಿ ರೀ. ಆದ್ರೆ ನನ್ನ ಗುಳಿಗೆ ಅಕ್ಕ, ಅಕ್ಕನ ಗುಳಿಗೆ ನಾನು ನುಂಗಿದ್ರೆ ನಡೀತೈತಾ?"

ಬೋಗುಣಿ

ಆಮೇಲೆ ಮೆಲ್ಲಮೆಲ್ಲಗೆ ರೊಟ್ಟಿಯಕ್ಕನ ಊತ ಇಳಿಯಿತು. ಮೊದಲು ಲೋಟ ಹಿಡಿದಳು. ಆಮೇಲೆ ತಾನೇ ತಲೆ ಬಾಚಿಕೊಂಡಳು. ಒಂದು ಬೆಳಗ್ಗೆ ಅಂಗಡಿಗೆ ಬಂದವಳು ಒಲೆ ಮುಂದೆ ಕೂತಿದ್ದ ನನ್ನನ್ನು ನೋಡಿ, "ಏಳ್ರಿ ಅಕ್ಕಾ ಅತ್ಲಾಗೆ. ನಿಮ್ಮ ರೊಟ್ಟಿ ನೋಡಿ ನೋಡಿ ಸಾಕಾತು" ಅಂದಳು. ಯಾರ ಮಾತಿಗೂ ಜಾಗ ಬಿಟ್ಟವಳಲ್ಲ ನಾನು. ಅವತ್ತು ಎದ್ದೆ. ಅವಳ ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದಿಗೆ ಬೀದಿಯ ಗಿರಾಕಿಗಳೇ ಒಳಗೆ ಇಣುಕಿದರು. ಒಬ್ಬರಂತೂ ನನ್ನೆದುರಿಗೇ, "ದೇವರು ಕಣ್ಣು ಬಿಟ್ಟ" ಅಂದರು.

ಪರೀಕ್ಷೆ ಮುಗಿದ ಮೇಲೆ ಡಾಕ್ಟ್ರಮ್ಮ ಬಂದು, ಯಾರಿಗೆ ಯಾವ ಗುಳಿಗೆ ಸಿಕ್ಕಿತ್ತು ಎನ್ನುವುದು ಈಗ ಗೊತ್ತಾಗಿದೆ ಎಂದು ಹೇಳಿದಳು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತರು.

"ನಿಮ್ಮಿಬ್ಬರದೂ ನಿಜವಾದ ಗುಳಿಗೆಯೇ ಆಗಿತ್ತು. ಎರಡು ಡಬ್ಬಿಯೂ. ನೀವು ಬೆರೆಸಿದ್ದು ನಿಜವಾದದ್ದರ ಜೊತೆ ನಿಜವಾದದ್ದನ್ನೇ."

ರೊಟ್ಟಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿ ಮಾತ್ರ ಗೆದ್ದವಳ ಹಾಗೆ ನನ್ನ ಕಡೆ ತಿರುಗಿದಳು. "ನೋಡಿದ್ರಾ ಅಕ್ಕಾ? ಬೆರೆಸಿದ್ದಕ್ಕೇ ಖಾಲಿ ಇದ್ದದ್ದೂ ನಿಜ ಆತು!"

ಡಾಕ್ಟ್ರಮ್ಮ ವಿವರಿಸಲು ಬಾಯಿ ತೆರೆದಳು. ತಂಗಿಯ ಮುಖ ನೋಡಿ ಮುಚ್ಚಿದಳು. ಬಿಸಿ ರೊಟ್ಟಿ ಕೇಳಿದಳು.

ಅವತ್ತೇ ವಿವರಿಸಬೇಕಿತ್ತು. ಈ ಸುದ್ದಿ ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ದಾಟಿ ನಮಗಿಂತ ಮೊದಲೇ ಹೊನ್ನಾಳಿ ಸೇರಿತ್ತು. ಅಲ್ಲಿ ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯ ಪರೀಕ್ಷೆಗೆ ಜನ ಬರುತ್ತಾರೋ ಇಲ್ಲವೋ ಎಂದು ಡಾಕ್ಟ್ರಮ್ಮನಿಗೆ ದಾರಿಯುದ್ದಕ್ಕೂ ಚಿಂತೆ. ಹೋಗಿ ನೋಡಿದರೆ ಸಾಸ್ವೆಹಳ್ಳಿಯಿಂದಲೇ ಒಂದು ಗುಂಪು ಬಂದು ನೆರಳಿನಲ್ಲಿ ಕೂತಿದೆ. ನಡುವೆ, ಮದುವೆ ಮನೆಯಲ್ಲಿ ಅನ್ನ ಕಲಸುವಂಥ ಒಂದು ದೊಡ್ಡ ಸ್ಟೀಲಿನ ಬೋಗುಣಿ, ಬೆಳ್ಳಿಯ ಹಾಗೆ ತಿಕ್ಕಿಟ್ಟದ್ದು.

ಡಾಕ್ಟ್ರಮ್ಮನ ಮುಖ ಅರಳಿತು. "ಏನಮ್ಮ, ಬುತ್ತಿ ತಂದಿದ್ದೀರಾ?"

"ಇಲ್ಲ ರೀ, ಖಾಲಿ ಐತೆ" ಎಂದು ಗುಂಪಿನ ಹಿರಿಯಳು ಬೋಗುಣಿಯನ್ನು ಆಕೆಯ ಕಾಲ ಹತ್ತಿರಕ್ಕೆ ತಳ್ಳಿದಳು. "ಎಲ್ಲರ ಗುಳಿಗೇನೂ ಇದಕ್ಕೇ ಸುರೀರಿ, ನಾವು ಕಲಸ್ಕೊಂತೀವಿ. ಸೂಳೆಕೆರೆ ಕಡೆಯೋರಿಗೆ ಇಬ್ಬರದು ಬೆರೆಸಿದ್ದಕ್ಕೇ ಅಷ್ಟು ಗುಣ ಆತಂತೆ. ನಾವು ಇಡೀ ಓಣಿಯೋರು ಬಂದೀವಿ!"