ಥಾರ್ನ್‌ಬರಿಯವರು ಹುಟ್ಟಿದ ಮನೆ

ಅಮೋಸ್ ಟಿಲ್ಸನ್ ಹೋದ ವಾರವೇ ಮನೆಗೆ ಹಲಗೆ ಹೊಡೆದಿದ್ದರೆ ಈ ರಗಳೆ ಒಂದೂ ಆಗುತ್ತಿರಲಿಲ್ಲ. ಹಿಕರಿ ಬೆಂಡ್ ಊರಿನಲ್ಲಿ ಎಲ್ಲರೂ ಇಟ್ಟಿಗೆ ಮನೆಗೋ, ಬಣ್ಣ ಬಳಿದ ಹಲಗೆ ಮನೆಗೋ ಏರಿಯಾಗಿತ್ತು. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಸಂದಿಗೆ ಮಣ್ಣು ಮೆತ್ತಿ ಕಟ್ಟಿದ ಹಳೇ ಕಾಲದ ಮನೆ ಊರಿಗೆಲ್ಲ ಇದೊಂದೇ ಉಳಿದಿತ್ತು. ಆ ದಿಮ್ಮಿಗಳು ಕಾಣದ ಹಾಗೆ ಹೊರಗಡೆ ಹಲಗೆ ಹೊಡೆದುಬಿಡಿ, ನಾವೂ ನಾಲ್ಕು ಜನರ ಹಾಗೆ ಕಾಣೋಣ ಅನ್ನುವುದು ಹೆಂಡತಿ ಲವಿನಿಯಾಳ ಆಸೆ. ಹಲಗೆಯೂ ಬಂದು ಅಂಗಳದಲ್ಲಿ ಬಿದ್ದಿತ್ತು. ಆದರೆ ಅಮೋಸ್ ಕಸುಬಿನಲ್ಲಿ ಪೀಪಾಯಿ ಕಟ್ಟುವವನು. ಬೆಳಗಿನಿಂದ ಸಂಜೆಯವರೆಗೆ ಊರವರ ಪೀಪಾಯಿಗೆ ಹಲಗೆ ಹೊಂದಿಸಿ ಬಂದವನಿಗೆ ಮನೆಯ ಹಲಗೆ ಕಂಡರೆ ಆಕಳಿಕೆ ಬರುತ್ತಿತ್ತು.

"ರೀ, ಚಳಿ ಬಾಗಿಲಿಗೆ ಬಂದು ನಿಂತಿದೆ. ಇವತ್ತು ಸಂಜೆಯೊಳಗೆ ಹಲಗೆ ಏರಲಿಲ್ಲ ಅಂದ್ರೆ ನಾನು ಡ್ರೇಕ್ಸ್‌ವಿಲ್‌ಗೆ ನಮ್ಮಕ್ಕನ ಮನೆಗೆ ಹೊರಟೆ ಅಂತ ತಿಳ್ಕೊಳ್ಳಿ," ಅಂದಳು ಲವಿನಿಯಾ, ಬೆಳಿಗ್ಗೆ ಜೋಳದ ರೊಟ್ಟಿ ತಟ್ಟೆಗೆ ಹಾಕುತ್ತಾ.

"ಇವತ್ತು ಆಗತ್ತೇನೇ? ಮಧ್ಯಾಹ್ನ ಥಾರ್ನ್‌ಬರಿ ಸಾಹೇಬರು ಬರ್ತಾ ಇದಾರೆ!"

"ಅವರು ಬಂದು ಹಲಗೆ ಹೊಡೀತಾರಾ?"

ಎಲ್ಕಾನಾ ಥಾರ್ನ್‌ಬರಿಯವರ ವಿಷಯದಲ್ಲಿ ಇಂಥ ಮಾತು ಅಮೋಸ್‌ಗೆ ಸೇರುತ್ತಿರಲಿಲ್ಲ. ಓಹಾಯೋದ ಗವರ್ನರ್ ಪದವಿಗೆ ನಿಂತಿದ್ದ ಆ ಮನುಷ್ಯ ಎಂಥವರು! ವಾಷಿಂಗ್ಟನ್ನಿನ ಸಭೆಯಲ್ಲಿ ಗುಲಾಮಗಿರಿ ಬೇಡ ಅನ್ನುವ ಜನರ ಅರ್ಜಿಗಳನ್ನು ಕೈಯಲ್ಲಿ ಹಿಡಿದು ನಿಂತವರು. ಕೂತ್ಕೊಳ್ಳಿ ಅಂತ ಸಭೆಗೆ ಸಭೆಯೇ ಕೂಗಿದರೂ ಕೂರಲಿಲ್ಲ. ಸ್ವಂತ ಪಕ್ಷದವರೇ ಬೈದರು, ಎರಡು ಸಲ ಸೋಲಿಸಿದರು. ಮತ್ತೆ ಗೆದ್ದು ಬಂದು ಅದೇ ಜಾಗದಲ್ಲಿ ಅದೇ ಅರ್ಜಿ ಹಿಡಿದು ನಿಂತರು. ಪತ್ರಿಕೆಯಲ್ಲಿ ಬಂದಿದ್ದ ಅವರ ಚಿತ್ರವನ್ನು ಅಮೋಸ್ ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದ. ಹೊಗೆ ಹತ್ತಿ ಅವರ ಮುಖ ಕಪ್ಪಾಗಿತ್ತು, ಅವನ ಭಕ್ತಿಗೆ ಮಾತ್ರ ಏನೂ ಆಗಿರಲಿಲ್ಲ.

ರೊಟ್ಟಿ ಇನ್ನೂ ಬಾಯಲ್ಲೇ ಇತ್ತು, ಅಷ್ಟರಲ್ಲಿ ಕರ್ನಲ್ ಬ್ಯಾಸ್ಕಮ್ ಒಳಗೆ ನುಗ್ಗಿದ. ಈ ಬ್ಯಾಸ್ಕಮ್ ಯಾವ ಯುದ್ಧಕ್ಕೂ ಹೋದವನಲ್ಲ. ಊರಿನ ಹೋಟೆಲು ನಡೆಸುವವನು, ಪಕ್ಷದ ಮುಖಂಡ. ಆದರೂ ಎಲ್ಲರೂ ಅವನನ್ನು ಕರ್ನಲ್ ಅನ್ನುತ್ತಿದ್ದರು, ಯಾಕೆ ಅಂತ ಕೇಳಿದರೆ ಅವನಿಗೇ ಸಿಟ್ಟು ಬರುತ್ತಿತ್ತು.

"ಅಮೋಸ್! ಮುಳುಗಿದ್ವಿ ಕಣಯ್ಯ! ಎದುರು ಪಕ್ಷದವರು ಏನು ಹಬ್ಬಿಸಿದಾರೆ ಗೊತ್ತಾ? ಥಾರ್ನ್‌ಬರಿ ಸಾಹೇಬ್ರು ರೇಷ್ಮೆ ಕಾಲುಚೀಲ ಹಾಕ್ಕೊಳ್ಳೋ ದೊಡ್ಡ ಮನುಷ್ಯರಂತೆ, ಬಡವರ ಕಷ್ಟ ಗೊತ್ತಿಲ್ವಂತೆ. ನಾಡಿದ್ದೇ ಮತದಾನ. ದಿಮ್ಮಿ ಮನೇಲಿ ಹುಟ್ಟಿದವನಿಗೆ ಬಿಟ್ಟು ಈ ಕಾಲದಲ್ಲಿ ಯಾರು ಓಟು ಹಾಕ್ತಾರೆ ಹೇಳು?"

ಹೇಳುತ್ತಾ ಹೇಳುತ್ತಾ ಕರ್ನಲ್‌ನ ಕಣ್ಣು ಗೋಡೆಯ ಮೇಲೆ ಹೋಯಿತು. ದಿಮ್ಮಿ, ಸಂದಿಯ ಮಣ್ಣು, ಹೊಗೆ ಹಿಡಿದ ಸೂರು, ಒಂದೊಂದನ್ನೂ ನೋಡಿದ. ಆ ನೋಟ ಕಂಡು ಲವಿನಿಯಾ ಕೈಯಲ್ಲಿದ್ದ ರೊಟ್ಟಿ ತಟ್ಟೆ ಕೆಳಗಿಟ್ಟಳು.

"ಈ ಮನೆ ಯಾರು ಕಟ್ಟಿದ್ದಯ್ಯ?"

"ನಮ್ಮಪ್ಪ ಯಾರಿಂದಲೋ ತಗೊಂಡದ್ದು. ಪಶ್ಚಿಮಕ್ಕೆ ಹೊರಟಿದ್ದ ಒಂದು ಸಂಸಾರ ಬಿಟ್ಟು ಹೋಯ್ತಂತೆ."

"ಯಾವ ಸಂಸಾರ?"

"ಗೊತ್ತಿಲ್ಲ."

"ಗೊತ್ತಿಲ್ಲ ತಾನೇ? ಹಾಗಾದ್ರೆ ಥಾರ್ನ್‌ಬರಿಯವರ ಸಂಸಾರ ಅಲ್ಲ ಅಂತ ಹೇಗೆ ಹೇಳ್ತೀಯ?"

"ನಾನೆಲ್ಲಿ ಹೇಳಿದೆ, ಕರ್ನಲ್ ಸಾಹೇಬ್ರೇ?"

"ನೋಡಿದ್ಯಾ! ನೀನೇ ಒಪ್ಕೊಂಡೆ!" ಅಂತ ಕರ್ನಲ್ ಅವನ ಬೆನ್ನಿಗೆ ಗುದ್ದಿ ಓಡಿಯೇ ಹೋದ.

ಸ್ವಲ್ಪ ಹೊತ್ತಿಗೆಲ್ಲ ಅರ್ಧ ಊರು ಅಂಗಳದಲ್ಲಿತ್ತು. ಮನೆ ಹಳೇ ಕಾಲದ ಹಾಗೇ ಕಾಣಲಿ ಅಂತ ಲವಿನಿಯಾಳ ಕಬ್ಬಿಣದ ಒಲೆ ಹೊರಗೆ ಬಂತು, ಮಂಚ ಹೊರಗೆ ಬಂತು. ಕಿಟಕಿಯ ಪರದೆಯನ್ನು ಯಾರೋ ಕಿತ್ತು ಮಡಚಿ ಅವಳ ಕೈಗೇ ಕೊಟ್ಟರು. ಮಹಾಪುರುಷರು ಹುಟ್ಟಿದ ಕಾಲಕ್ಕೆ ಕೋಳಿಗಳು ಮನೆಯೊಳಗೇ ಓಡಾಡುತ್ತಿದ್ದವು ಅಂತ ಒಬ್ಬ ನಾಲ್ಕು ಕೋಳಿ ಒಳಗೆ ಬಿಟ್ಟ. ಲವಿನಿಯಾ ಹಿಟ್ಟು ಕಲಸುವ ಮರದ ದೋಣಿಯನ್ನು ತೊಟ್ಟಿಲು ಅಂತ ಹೊಗೆಗೂಡಿನ ಪಕ್ಕ ಇಟ್ಟದ್ದೂ ಆಯಿತು.

"ಅದು ನನ್ನ ಹಿಟ್ಟಿನ ದೋಣಿ!" ಅಂದಳು ಲವಿನಿಯಾ.

"ಇವತ್ತಿನ ಮಟ್ಟಿಗೆ ಅಲ್ಲಮ್ಮ," ಅಂದ ಕರ್ನಲ್.

ಮೂಲೆಮನೆಯ ಹಲ್ಡಾ ಅಜ್ಜಿ ಸೂಲಗಿತ್ತಿ. ಕರ್ನಲ್ ಅವಳನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಸೇಬಿನ ಮದ್ಯದ ಲೋಟ ಕೈಗೆ ಕೊಟ್ಟ. ಮೊದಲ ಲೋಟದಲ್ಲಿ ಅಜ್ಜಿಗೆ ಥಾರ್ನ್‌ಬರಿ ಅನ್ನುವ ಹೆಸರು ಎಲ್ಲೋ ಕೇಳಿದ ನೆನಪಾಯಿತು. ಎರಡನೆಯದಕ್ಕೆ ಮಗುವನ್ನು ತಾನೇ ಎತ್ತಿಕೊಂಡದ್ದು ನೆನಪಾಯಿತು. ಮೂರನೆಯದು ಮುಗಿಯುವ ಹೊತ್ತಿಗೆ ಮಗು ಹುಟ್ಟುತ್ತಲೇ ಎಡಗೈ ಎತ್ತಿ ಭಾಷಣ ಮಾಡುವವರ ಹಾಗೆ ಅತ್ತದ್ದೂ ನೆನಪಾಗಿ, ಅಜ್ಜಿ ತಾನೂ ಅತ್ತಳು.

"ಅಜ್ಜಿ, ಸಾಹೇಬ್ರಿಗೂ ನಿನಗೂ ಹೆಚ್ಚು ಕಮ್ಮಿ ಒಂದೇ ವಯಸ್ಸಲ್ವಾ?" ಅಂತ ಅಮೋಸ್ ಮೆಲ್ಲಗೆ ಕೇಳಿದ.

"ನಾನು ಚಿಕ್ಕಂದಿನಲ್ಲೇ ಭಾಳ ಚುರುಕು ಕಣೋ," ಅಂದಳು ಅಜ್ಜಿ.

ಇಷ್ಟಾದರೂ ಅಮೋಸ್‌ಗೆ ಒಳಗೊಳಗೇ ಖುಷಿಯೇ. ಥಾರ್ನ್‌ಬರಿಯವರು ತನ್ನ ಮನೆಯಲ್ಲಿ ಹುಟ್ಟಿದ್ದರೆ ಎಷ್ಟು ಚೆನ್ನ, ಯಾರಿಗೆ ಗೊತ್ತು, ಇದ್ದರೂ ಇರಬಹುದು ಅಂತ ಅವನ ಮನಸ್ಸು ಆಗಲೇ ವಾಲುತ್ತಿತ್ತು. ಆಗ ಕರ್ನಲ್ ಅವನನ್ನು ಪಕ್ಕಕ್ಕೆ ಕರೆದ.

"ನೋಡಪ್ಪ, ಇನ್ಮೇಲೆ ಇದು ದೇಶದ ಮನೆ. ಸುತ್ತ ಬೇಲಿ ಹಾಕ್ತೀವಿ. ಒಳಗೆ ಯಾರೂ ಮಲಗೋ ಹಾಗಿಲ್ಲ, ಒಲೆ ಹಚ್ಚೋ ಹಾಗಿಲ್ಲ. ನೀವಿಬ್ಬರೂ ಪೀಪಾಯಿ ಕೊಟ್ಟಿಗೆಯಲ್ಲಿ ಇದ್ದುಬಿಡಿ."

"ಕೊಟ್ಟಿಗೆಗೆ ಒಂದು ಕಡೆ ಗೋಡೆನೇ ಇಲ್ಲ, ಕರ್ನಲ್ ಸಾಹೇಬ್ರೇ. ಹಿಮ ಬಿದ್ರೆ?"

"ಏನಯ್ಯ ಇದು? ಅವರು ನಮಗೋಸ್ಕರ ವಾಷಿಂಗ್ಟನ್‌ನಲ್ಲಿ ಅಷ್ಟೆಲ್ಲ ಅನುಭವಿಸಿದಾರೆ. ನೀನು ಅವರಿಗೋಸ್ಕರ ಒಂದು ಚಳಿ ತಡ್ಕೊಳ್ಳೋಕಾಗಲ್ವಾ? ನಿನಗೆ ಅವರ ಮೇಲೆ ಅಭಿಮಾನ ಇದೆಯೋ ಇಲ್ವೋ?"

ಅಮೋಸ್ ಹೆಂಡತಿಯ ಕಡೆ ನೋಡಿದ. ಲವಿನಿಯಾ ಮಡಚಿದ ಪರದೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಬೈದಿದ್ದರೆ ಅವನಿಗೆ ಅಭ್ಯಾಸವಿತ್ತು. ಬೈಯಲಿಲ್ಲ.

"ಈ ಮನೆಗೆ ಸೊಸೆಯಾಗಿ ಬಂದೋಳು ನಾನು. ಹಳೇದು ಅಂತ ಬೈತಿದ್ದೆ, ಬೇಡ ಅಂತ ಯಾವತ್ತು ಅಂದಿದ್ದೆ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಆಗಲಿ, ಥಾರ್ನ್‌ಬರಿಯವರನ್ನೇ ಕಂಡು ಇದ್ದದ್ದು ಇದ್ದಹಾಗೆ ಹೇಳಿಬಿಡುತ್ತೇನೆ ಅಂತ ಅಮೋಸ್ ಕಾಲುವೆಯ ದಂಡೆಗೆ ಓಡಿದ.

ಥಾರ್ನ್‌ಬರಿಯವರನ್ನು ಹೊತ್ತ ದೋಣಿ ಆಗತಾನೆ ಬಂದು ನಿಂತಿತ್ತು. ವಾದ್ಯದವರು ಬಾರಿಸುತ್ತಿದ್ದರು, ಜನ ಟೋಪಿ ಹಾರಿಸುತ್ತಿದ್ದರು. ಇಳಿದು ಬಂದವರು ಎತ್ತರದ ಆಳು. ನರೆತ ಕೂದಲು, ಮೊಣಕೈ ಸವೆದ ಕಪ್ಪು ಕೋಟು. ನೂಕುನುಗ್ಗಲಿನಲ್ಲಿ ಅಮೋಸ್ ನೇರ ಅವರ ಎದುರಿಗೇ ಹೋಗಿ ಬಿದ್ದ. ಅವರೇ ಕೈ ಹಿಡಿದು ಎಬ್ಬಿಸಿದರು.

"ಏನಪ್ಪ, ಏನೋ ಹೇಳಬೇಕು ಅಂತಿದ್ದೀಯ?"

ಅಮೋಸ್ ಬಾಯಿ ತೆರೆದ. ಇಷ್ಟು ವರ್ಷ ಗೋಡೆಯ ಮೇಲಿದ್ದ ಮುಖ ಎದುರಿಗೆ ನಿಂತು ಮಾತಾಡಿಸಿದರೆ ನಾಲಿಗೆ ಹೊರಳಬೇಕಲ್ಲ!

"ನಾನು... ಪೀಪಾಯಿ..."

"ಒಳ್ಳೇ ಕಸುಬು. ಸೋರಬಾರದು, ಅಷ್ಟೇ ನೋಡು. ನಮ್ಮ ಕೆಲಸದಲ್ಲೂ ಅದೇ ಕಷ್ಟ," ಅಂದು ಅವರು ನಕ್ಕರು. ಅಷ್ಟರಲ್ಲಿ ಜನ ಅವರನ್ನು ಹೆಗಲ ಮೇಲೆ ಎತ್ತಿಕೊಂಡೇ ಬಿಟ್ಟರು.

ಮೆರವಣಿಗೆ ಸೀದಾ ಅಮೋಸ್‌ನ ಮನೆಯ ಮುಂದೆ ನಿಂತಿತು. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಗೇಲಿ ಮಾಡೋಣ ಅಂತ ಎದುರು ಪಕ್ಷದವರೂ ಒಂದಷ್ಟು ಜನ ಅಂಗಳದ ಅಂಚಿನಲ್ಲಿ ಸೇರಿದ್ದರು. ಕರ್ನಲ್ ಹೊಸ್ತಿಲ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗಿದ:

"ರೇಷ್ಮೆ ಕಾಲುಚೀಲವಂತೆ! ಬಂಧುಗಳೇ, ಕಣ್ಣಾರೆ ನೋಡಿ! ಇದೇ ಸೂರಿನ ಕೆಳಗೆ, ಇದೇ ತೊಟ್ಟಿಲಲ್ಲಿ..."

ತೊಟ್ಟಿಲಿನಿಂದ ಒಂದು ಕೋಳಿ ಹಾರಿ ಹೊರಗೆ ಬಂತು.

ಥಾರ್ನ್‌ಬರಿಯವರು ಹೊಸ್ತಿಲ ಮೇಲೆ ನಿಂತರು. ಮನೆಯನ್ನು ನೋಡಿದರು. ಅಂಗಳದಲ್ಲಿ ಬಿದ್ದ ಒಲೆ, ಮಂಚ, ಅದರ ಪಕ್ಕ ಪರದೆ ಹಿಡಿದು ನಿಂತ ಹೆಂಗಸು, ಅವಳ ಪಕ್ಕ ಪೀಪಾಯಿಯವನು, ಎಲ್ಲವನ್ನೂ ನೋಡಿದರು. ಆಮೇಲೆ ಟೋಪಿ ತೆಗೆದರು.

"ಗೆಳೆಯರೇ, ಈ ಮನೇಲಿ ಹುಟ್ಟಿದ್ರೆ ನನಗೆ ಹೆಮ್ಮೆ ಇರ್ತಿತ್ತು. ಆದರೆ ನಾನು ಹುಟ್ಟಿದ್ದು ಕನೆಕ್ಟಿಕಟ್‌ನಲ್ಲಿ, ಎರಡಂತಸ್ತಿನ ಇಟ್ಟಿಗೆ ಮನೇಲಿ. ನೆಲಕ್ಕೆ ಜಮಖಾನೆಯೂ ಇತ್ತು. ಎಲ್ಲಿ ಹುಟ್ಟಬೇಕು ಅಂತ ನನ್ನನ್ನು ಕೇಳಿದ್ರೆ ನಿಮ್ಮೂರನ್ನೇ ಹೇಳ್ತಿದ್ದೆ. ಯಾರೂ ಕೇಳಲಿಲ್ಲ."

ಕರ್ನಲ್‌ನ ಮುಖ ಹುಳಿ ಹಿಂಡಿದ ಹಾಲಿನ ಹಾಗೆ ಆಗಿತ್ತು.

"ಇದರಿಂದ ಓಟು ಹೋದ್ರೆ ಹೋಗಲಿ. ಇಷ್ಟು ವರ್ಷ ಅಲ್ಲಿ ನಿಂತು, ನಿಜ ಮಾತಾಡಿ ಅಂತ ಬೇರೆಯವರಿಗೆ ಹೇಳಿದೀನಿ. ಇಲ್ಲಿ ಬಂದು ನಾನೇ ಸುಳ್ಳು ಹೇಳೋಕಾಗತ್ತಾ? ಇದು ಈ ಪೀಪಾಯಿ ಗೆಳೆಯನ ಮನೆ. ಚಳಿ ಬರ್ತಾ ಇದೆ. ಅವನ ಮನೆ ಅವನಿಗೆ ಬಿಟ್ಟುಬಿಡಿ."

ಅಮೋಸ್ ಹಿಗ್ಗಿಹೋದ. ಇವರು, ಇವರಲ್ಲವೇ ಮನುಷ್ಯ! ಮನೆ ಉಳಿಯಿತು ಅನ್ನುವ ಸಂತೋಷಕ್ಕಿಂತ, ತಾನು ಇಷ್ಟು ವರ್ಷ ಹಚ್ಚಿಕೊಂಡದ್ದು ಸುಳ್ಳಾಗಲಿಲ್ಲ ಅನ್ನುವ ಸಂತೋಷವೇ ದೊಡ್ಡದಾಗಿ ಉಕ್ಕಿ ಬಂತು. ಕಾಲುವೆಯ ದಂಡೆಯಲ್ಲಿ ಕೈಕೊಟ್ಟ ನಾಲಿಗೆ ಈಗ ಬೇಡವೆಂದರೂ ಹೊರಳಿತು. ಅಲ್ಲೇ ಇದ್ದ ಒಲೆಯ ಮೇಲೆ ಹತ್ತಿ ನಿಂತು ಕೂಗಿದ:

"ಕೇಳಿದ್ರಾ? ಇಂಥ ಮಾತು ಯಾವ ದೊಡ್ಡಮನುಷ್ಯ ಆಡಿದಾನೆ? ಚುನಾವಣೆ ನಾಡಿದ್ದು ಇಟ್ಕೊಂಡು! ಹುಟ್ಟೋದು ಎಲ್ಲರೂ ಎಲ್ಲೋ ಹುಟ್ತಾರೆ ಕಣ್ರೋ, ಅದೇನು ದೊಡ್ಡ ವಿಷಯ! ಸತ್ಯ ಹೇಳಿದ್ದು ಇಲ್ಲಿ! ನನ್ನ ಮನೇಲಿ! ಈ ಹೊಸ್ತಿಲ ಮೇಲೆ ನಿಂತು!"

ಜನ ಹೋ ಅಂತ ಕೂಗಿದ್ದು ಕಾಲುವೆಯ ಆಚೆ ದಡಕ್ಕೂ ಕೇಳಿಸಿತು. ಗಡ್ಡದ ಗಂಡಸರು ಬಿಕ್ಕಿ ಬಿಕ್ಕಿ ಅತ್ತರು. ಅಂಗಳದ ಅಂಚಿನಲ್ಲಿದ್ದ ಎದುರು ಪಕ್ಷದವರು ಟೋಪಿ ತೆಗೆದರು. "ನಾನು ಮೊದಲಿಂದಲೂ ಇಟ್ಟಿಗೆ ಮನೆ ಅಂತಲೇ ಹೇಳಿದ್ದು," ಅಂದಳು ಹಲ್ಡಾ ಅಜ್ಜಿ. ದೋಣಿಯವರು ಕೊಂಬು ಊದಿದರು. ಥಾರ್ನ್‌ಬರಿಯವರು ಲವಿನಿಯಾಗೆ ತಲೆಬಾಗಿ ವಂದಿಸಿ, ಮುಂದಿನ ಊರಿಗೆ ಹೊರಟುಹೋದರು.

ಆ ಸೀಮೆಯ ಗಂಡಸರ ಜೇಬಿನಲ್ಲಿ ಯಾವಾಗಲೂ ಒಂದು ಚಾಕು ಇರುತ್ತದೆ. ದೊಡ್ಡವರ ಮೇಲೆ ಪ್ರೀತಿ ಉಕ್ಕಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅವರು ಕೂತ ಕುರ್ಚಿಯದೋ, ನಿಂತ ಕಟ್ಟೆಯದೋ ಒಂದು ಚೂರು ಕೊರೆದು ಮಕ್ಕಳು ಮೊಮ್ಮಕ್ಕಳಿಗೆ ತೋರಿಸಲು ಇಟ್ಟುಕೊಳ್ಳುತ್ತಾರೆ. ಮೊದಲು ಬಗ್ಗಿದವನು ಕರ್ನಲ್. ಹೊಸ್ತಿಲಿನ ಒಂದು ಚಕ್ಕೆ ಎಬ್ಬಿಸಿ ಕಣ್ಣಿಗೆ ಒತ್ತಿಕೊಂಡ.

"ಅಯ್ಯೋ, ಹೊಸ್ತಿಲು!" ಅಂದ ಅಮೋಸ್.

ಹೊಸ್ತಿಲು ಆಗಲೇ ಇರಲಿಲ್ಲ. ಆಮೇಲೆ ಬಾಗಿಲು. ಆಮೇಲೆ ಅವರು ಕೈ ಊರಿದ ಚೌಕಟ್ಟು. ಯಾರೋ ಗಾಡಿಯಿಂದ ಕೊಡಲಿ ತಂದರು. ಅವರ ದನಿ ಗೋಡೆಗೂ ಬಡಿದಿತ್ತಲ್ಲ ಅಂತ ಒಬ್ಬನಿಗೆ ಹೊಳೆಯಿತು, ಸರಿ, ದಿಮ್ಮಿಗಳೂ ಬಿದ್ದವು. ಅಮೋಸ್ ಒಬ್ಬೊಬ್ಬರ ತೋಳು ಹಿಡಿದು ಜಗ್ಗಿದ.

"ಅವರೇ ಹೇಳಿದ್ರಲ್ಲಪ್ಪ! ಅವನ ಮನೆ ಅವನಿಗೆ ಬಿಟ್ಟುಬಿಡಿ ಅಂತ!"

"ಎಂಥಾ ಮಾತು, ಅಲ್ವಾ ಅಣ್ಣ?" ಅಂತ ದಿಮ್ಮಿ ಹೊತ್ತವನು ಕಣ್ಣೊರೆಸಿಕೊಂಡ. "ಆ ಮಾತು ಕೇಳಿದ ಮೇಲೆ ಬರಿಗೈಲಿ ಹೋಗೋಕೆ ಯಾರಿಗೆ ಮನಸ್ಸು ಬರತ್ತೆ?"

ನೂಕಾಟ ಹೆಚ್ಚಿದಾಗ ಕರ್ನಲ್ ಅಂಗಳದಲ್ಲಿ ಎಲ್ಲರನ್ನೂ ಸಾಲು ನಿಲ್ಲಿಸಿದ. ದಿಮ್ಮಿಗಳನ್ನು ಗರಗಸದಲ್ಲಿ ಕೊಯ್ಯಿಸಿ ತಲೆಗೊಂದು ತುಂಡಿನಂತೆ ತಾನೇ ಹಂಚತೊಡಗಿದ. ಹೊತ್ತು ಇಳಿಯುವಾಗ ಮನೆಯಿದ್ದಲ್ಲಿ ಹೊಗೆಗೂಡಿನ ಕಲ್ಲು ಮಾತ್ರ ಇತ್ತು. ಅಮೋಸ್ ಆ ಕಲ್ಲಿಗೆ ಒರಗಿ, ಹೆಂಡತಿಗೆ ಯಾವ ಮುಖ ತೋರಿಸಲಿ ಅಂತ ಕೂತಿದ್ದ. ಲವಿನಿಯಾ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು. ಉಡಿಯಲ್ಲಿ ಏನನ್ನೋ ಮುಚ್ಚಿ ಹಿಡಿದಿದ್ದಳು.

"ಏನೇ ಅದು?"

"ಬಾಗಿಲಿನ ತುಂಡು. ನನ್ನ ಮನೆಗೋಸ್ಕರ ಈ ಊರಲ್ಲಿ ಒಂದು ಮಾತಾಡಿದ್ದು ಅವರೊಬ್ಬರೇ ಕಣ್ರೀ. ನಾನು ಅಕ್ಕನ ಮನೆಗೆ ಹೊರಟೆ, ಇದನ್ನ ಅವಳಿಗೂ ತೋರಿಸ್ಬೇಕು. ನೀವೂ ಹೋಗಿ ಒಂದು ತಗೊಳ್ಳಿ, ಗಂಡ ಹೆಂಡತಿಗೆ ಬೇರೆ ಬೇರೆ ಕೊಡ್ತಾರೆ."

ಅಮೋಸ್ ಯೋಚಿಸಿದ. ಮನೆಯಂತೂ ಹೋಯಿತು. ಆದರೂ ಅವರು ನಿಂತು ಮಾತಾಡಿದ ಜಾಗ. ತನ್ನಷ್ಟು ಅಭಿಮಾನ ಇಟ್ಟುಕೊಂಡವರು ಈ ಸೀಮೆಯಲ್ಲಿ ಯಾರಿದ್ದಾರೆ? ಒಂದು ಚೂರಾದರೂ ತನಗೆ ಬೇಡವೇ? ಎದ್ದು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಸಾಲು ಮೆಲ್ಲಗೆ ಸರಿಯಿತು. ಮುಂದಿನವನು ತನ್ನ ತುಂಡನ್ನು ಟೋಪಿಯೊಳಗೆ ಇಟ್ಟುಕೊಂಡು ಹೋದ. ಅಮೋಸ್ ಎರಡೂ ಕೈ ಚಾಚಿದ.

ಕರ್ನಲ್ ತನ್ನ ಬರಿ ಕೈ ತೋರಿಸಿದ.

"ಮುಗೀತಲ್ಲಯ್ಯ! ಎದುರು ಪಕ್ಷದವರು ಕೂಡ ಬಂದು ತಗೊಂಡು ಹೋದರು. ನೀನು ಇಲ್ಲೇ ಇದ್ದುಕೊಂಡು ಇಷ್ಟು ಹೊತ್ತು ಏನು ಮಾಡ್ತಿದ್ದೆ?"