ಆಫ್ರಿಕಾಕ್ಕೆ ಹೊರಡುವವರಿಗೆ ನಮ್ಮಕ್ಕನ ಕಿವಿಮಾತು

ಆಫ್ರಿಕಾದ ಕಾಡು ನೋಡಲು ಹೋಗುವವರು ಏನೇನು ಮಾಡಬೇಕು, ಏನೇನು ಮಾಡಬಾರದು ಎಂಬುದನ್ನು ಕುಂದಾಪುರದಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ನಾನು ಮಾಡದೆ ಬಿಟ್ಟದ್ದು ಒಂದೇ: ಹೋಗಲಿಲ್ಲ! ಅಕ್ಕ ಕರೆದರೂ ಹೋಗಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ದೋಣಿ ಹತ್ತಿದವನು. ಅಕ್ಕ ನಾಲ್ಕಕ್ಕೇ ಬಿಟ್ಟವಳು. ಮುಂಬೈಯ ಒಂದು ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದವಳು ತೊಂಬತ್ತೇಳರಲ್ಲಿ ಆ ಮನೆಯವರ ಜೊತೆಗೇ ಕೀನ್ಯಾಕ್ಕೆ ಹಾರಿದಳು. ಆಮೇಲೆ ಅಲ್ಲಿ ಕಾಡಿನಂಚಿನ ಪ್ರವಾಸಿ ಶಿಬಿರವೊಂದರ ಅಡಿಗೆಮನೆಗೇ ಯಜಮಾನಿಯಾದಳು. ಸಿಂಹ ನೋಡಿ ಬಂದ ಬಿಳಿಯರು ನಮ್ಮಕ್ಕನ ಕೋಳಿ ಸಾರಿಗೆ ಬಟ್ಟಲು ಹಿಡಿದು ಸಾಲು ನಿಲ್ಲುತ್ತಿದ್ದರಂತೆ. ಸಿಂಹ ಯಾರೆಂದು ನೀವೇ ಹೇಳಿ!

ಅಕ್ಕ ರಜೆಗೆ ಊರಿಗೆ ಬಂದಾಗಲೆಲ್ಲ ನನಗೆ ತರಬೇತಿ. ಗಟ್ಟಿ ಪೆಟ್ಟಿಗೆ ತರಬೇಡ, ಕಾಡಿಗೆ ಹೋಗುವ ಸಣ್ಣ ವಿಮಾನಕ್ಕೆ ಬಟ್ಟೆಯ ಚೀಲವೇ ಸೈ. ನೀಲಿ, ಕಪ್ಪು ಅಂಗಿ ಬೇಡ, ಅಲ್ಲಿ ಕಚ್ಚುವ ನೊಣಕ್ಕೆ ಆ ಬಣ್ಣವೇ ಇಷ್ಟ. ಮಣ್ಣಿನ ಬಣ್ಣದ್ದೇ ಆಗಬೇಕು. ರೂಢಿಯಾಗಲಿ ಎಂದು ಕುಂಭಾಶಿಯ ಒಂದು ಮದುವೆಗೂ ನನ್ನನ್ನು ಅದೇ ಬಣ್ಣದ ಅಂಗಿ ಚಡ್ಡಿಯಲ್ಲಿ ಕಳಿಸಿದಳು. ಅಲ್ಲಿ ನನ್ನನ್ನು ಫಾರೆಸ್ಟ್ ಗಾರ್ಡ್ ಎಂದುಕೊಂಡು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಮನೆಗೆ ಕಾಡಿನ ಮರ ಕೊಯ್ಯಿಸಿದ ಸುದ್ದಿಯನ್ನು ಮಾತ್ರ ನನ್ನೆದುರು ಯಾರೂ ಎತ್ತಲಿಲ್ಲ!

ಇನ್ನೊಮ್ಮೆ ತಲ್ಲೂರಿನ ಹತ್ತಿರ ಬಸ್ಸಿಗೆ ದನವೊಂದು ಅಡ್ಡ ನಿಂತಿತು. ಕಂಡಕ್ಟರ್ ಅದನ್ನು ಓಡಿಸಲು ಇಳಿಯಹೊರಟ.

"ಹ್ವಾಯ್, ಇಳುಕಾಗ!" ಅಕ್ಕ ಕೂಗಿದಳು. "ಅದ್ರ್ ಕರು ಎಲ್ಲಿತ್ತ್ ಕಾಣಿ ಮೊದ್ಲ್. ತಾಯಿ ಮರಿ ನಡು ಹೋಪುಕಾಗ!"

"ಎಂತ ಅಕ್ಕಾ, ಅದ್ ದನ ಅಲ್ದಾ? ಆನೆಯಾ?" ಎಂದು ನಗುತ್ತಾ ಅವನು ಇಳಿದ. ಬಸ್ಸಿನ ಹಿಂದೆಯೇ ಕರು ಇತ್ತು! ದನ ಕೊಂಬು ತಗ್ಗಿಸಿದ್ದೇ ತಡ, ಕಂಡಕ್ಟರ್ ಕಿಟಕಿಯಿಂದ ಒಳಗೆ ಬಂದ. ಅಂದಿನಿಂದ ಅಕ್ಕನನ್ನು ಕಂಡರೆ ಟಿಕೆಟಿಗೂ ಮೊದಲು ನಮಸ್ಕಾರ.

ಇಂಥವಳು ಒಂದು ವರ್ಷ ಕಾಗದ ಬರೆದಳು: "ಒಂದ್ಸಲ ಬಾ. ನನ್ನ ಅಡಿಗೆಮನೆ ನೋಡು." ನನ್ನ ಪಾಸ್‌ಪೋರ್ಟೂ ಬಂತು. ಆದರೆ ಹೊರಡುವ ಹತ್ತು ದಿನ ಮೊದಲೇ ಹಳದಿ ಜ್ವರದ ಸೂಜಿ ಚುಚ್ಚಿಸಿಕೊಳ್ಳಬೇಕಂತೆ! ಆಳೆತ್ತರದ ತೆರೆಗೆ ದೋಣಿ ನೂಕುವ ನಾನು ಸೂಜಿ ಎಂದರೆ ಬೆವರುತ್ತೇನೆ. "ಪಾಸ್‌ಪೋರ್ಟ್ ಬಂದಿಲ್ಲೆ" ಎಂದು ಸುಳ್ಳು ಹೇಳಿದೆ. ಪ್ರತಿ ವರ್ಷ ಅವಳು ಕೇಳಿದಳು, ಪ್ರತಿ ವರ್ಷ ನಾನು ಅದನ್ನೇ ಹೇಳಿದೆ.

ಈಗ ಅಕ್ಕ ಕೆಲಸ ಬಿಟ್ಟು ಊರಿಗೇ ಬಂದಿದ್ದಾಳೆ. ಮೊನ್ನೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು, ಅಲ್ಲಿ ಅವಳನ್ನು ಬೀಳ್ಕೊಟ್ಟ ದಿನದ್ದು. ನಡುವೆ ಎತ್ತರದ ಬಿಳಿ ಟೋಪಿ ಹಾಕಿದ ಅಕ್ಕ; ಸುತ್ತಲೂ ಅವಳಿಂದ ಅಡಿಗೆ ಕಲಿತವರು, ಅವರ ಹೆಂಡತಿ ಮಕ್ಕಳು.

"ಎಲ್ಲರ್ ಮನಿಯವ್ರೂ ಬಂದಿದ್ರ್ ಕಾಣ್. ನನ್ ಕಡಿಯವ್ರ್ ಒಬ್ರೂ ಇಲ್ಲೆ" ಎಂದಳು. ಮರುಕ್ಷಣವೇ, "ನಿಂಗ್ ಪಾಸ್‌ಪೋರ್ಟ್ ಕೊಡದ್ದವ್ರ್ ಹಾಳಾಯ್ ಹೋಯ್ಲಿ!"

ಇಷ್ಟು ವರ್ಷ ನನ್ನ ಪರವಾಗಿ ಯಾರ್‍ಯಾರನ್ನೋ ಬೈಯುತ್ತಾ ಬಂದಿದ್ದಾಳೆ. ಆ ಟೋಪಿಯನ್ನೇ ನೋಡುತ್ತಾ ಬಾಯಿ ಬಿಟ್ಟೆ:

"ಅಕ್ಕಾ, ಅವ್ರಿಗ್ ಬೈಬೇಡ. ಪಾಸ್‌ಪೋರ್ಟ್ ಆವತ್ತೇ ಬಂದಿತ್ತ್. ಸೂಜಿಗ್ ಹೆದ್ರಿ ನಾನೇ ಸುಳ್ಳ್ ಹೇಳ್ದೆ. ನಿನ್ ಅಡಿಗಿಮನಿ ಕಾಂಬುಕ್ ನಾನ್ ಬರ್ಬೇಕಿತ್ತ್. ತಪ್ಪಾಯ್ತ್ ಅಕ್ಕಾ."