ಚಿಕ್ಕಮ್ಮನ ಹೆಪ್ಪು, ಚಿಕ್ಕಪ್ಪನ ಪೈರುವಿಕ್ ಆಮ್ಲ

ನಮ್ಮ ಚಿಕ್ಕಪ್ಪನ ಮೈಯಲ್ಲಿ ಹರಿಯುವುದು ರಕ್ತವಲ್ಲ, ಪೈರುವಿಕ್ ಆಮ್ಲ! ಬೇಕಾದರೆ ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟರಾಗಿ ನಿವೃತ್ತರಾದರು. ಪಾಠ ಮಾತ್ರ ನಿವೃತ್ತವಾಗಲಿಲ್ಲ. ವಿದ್ಯಾರ್ಥಿಗಳು ಬಚಾವಾದರು, ಸಿಕ್ಕಿಬಿದ್ದವನು ನಾನು. ಕರ್ಮ, ಕರ್ಮ!

ಒಮ್ಮೆ ಚಿಕ್ಕಪ್ಪನ ಜೊತೆ ಭದ್ರಾವತಿಯ ಜನ್ನಾಪುರದಲ್ಲಿ ಶಿವಮೊಗ್ಗದ ಬಸ್ಸಿಗೆ ಓಡುತ್ತಿದ್ದಾಗ ನನ್ನ ಮೀನಖಂಡ ಹಿಡಿದುಕೊಂಡಿತು, ಅಲ್ಲೇ ಕುಸಿದೆ. ಚಿಕ್ಕಪ್ಪ ಕೈಕೊಟ್ಟು ಎಬ್ಬಿಸಿದರೇ? ಎಲ್ಲಿ ಬಂತು! ರಸ್ತೆಯಲ್ಲೇ ಪಾಠ ಶುರು.

"ನೋಡು ಮಾರಾಯ, ತಿಂದ ಸಕ್ಕರೆ ಜೀವಕೋಶದಲ್ಲಿ ಒಡೆದು ಪೈರುವಿಕ್ ಆಮ್ಲ ಆಗುತ್ತೆ. ಆಮ್ಲಜನಕ ಸಿಕ್ಕಿದ್ರೆ ಪೂರ್ತಿ ಉರಿದು ಶಕ್ತಿ ಕೊಡುತ್ತೆ. ಹೀಗೆ ಓಡೋವಾಗ ಸಾಲದೆ ಹೋದ್ರೆ ಲ್ಯಾಕ್ಟಿಕ್ ಆಮ್ಲ ಆಗುತ್ತೆ. ಮೊಸರಲ್ಲಿರೋದೂ ಅದೇ!"

"ಚಿಕ್ಕಪ್ಪ, ಬಸ್ಸು ಹೋಯ್ತು!"

"ಇನ್ನೊಂದು ಬರುತ್ತೆ ಬಿಡು. ಅದೇ ಆಮ್ಲ ಯೀಸ್ಟ್ ಕೈಗೆ ಸಿಕ್ಕಿದ್ರೆ ಹೆಂಡ!"

ಎರಡನೇ ಬಸ್ಸೂ ಹೋಯಿತು.

ಗೃಹಪ್ರವೇಶದ ಊಟವೊಂದರಲ್ಲಿ ಮಜ್ಜಿಗೆ ಬಡಿಸುವವನನ್ನು ನಿಲ್ಲಿಸಿಕೊಂಡು ಇದನ್ನೇ ಹೇಳಿದರು. ಪಂಕ್ತಿಯ ಅರ್ಧ ಜನ ಮಜ್ಜಿಗೆಯಿಲ್ಲದೆ ಕೈತೊಳೆದರು.

ಅವರ ಬಾಯಿ ಮುಚ್ಚಿಸುವ ತಾಕತ್ತಿದ್ದದ್ದು ಚಿಕ್ಕಮ್ಮನಿಗೆ ಮಾತ್ರ. "ನಿಮ್ಮ ಆಮ್ಲ ಪುಸ್ತಕದಲ್ಲಿರ್ಲಿ ಕಣ್ರೀ. ನಾನು ಹೆಪ್ಪು ಹಾಕ್ದಿದ್ರೆ ನಾಳೆ ಮೊಸರು ಎಲ್ಲಿಂದ ತಿಂತೀರಿ?" ಆ ಹೆಪ್ಪು ಮದುವೆಯಾದಾಗ ತವರಿನಿಂದ ತಂದದ್ದು. ಇವತ್ತಿನ ಮೊಸರಿನಿಂದ ಒಂದು ಚಮಚ ನಾಳೆಯ ಹಾಲಿಗೆ. ಒಂದು ದಿನವೂ ತಪ್ಪಿಸಿದವರಲ್ಲ. ನಾವು ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ ಮಾಡಿದಾಗ ನಮಗೂ ಒಂದು ಡಬ್ಬಿ ಕೊಟ್ಟು, "ಕಾಪಾಡ್ಕೊಳ್ಳಿ" ಅಂದಿದ್ದರು.

ಕಳೆದ ವರ್ಷ ಚಿಕ್ಕಮ್ಮ ತೀರಿಕೊಂಡರು. ಸೂತಕದ ಮನೆಯೆಂದು ನೆಂಟರು ಹಾಲು, ಮೊಸರು, ಅಡುಗೆಯನ್ನೆಲ್ಲ ಚೆಲ್ಲಿ ಪಾತ್ರೆ ತಿಕ್ಕಿಟ್ಟರು. ಹದಿಮೂರು ದಿನ ಕಳೆದ ಮೇಲೆ ಚಿಕ್ಕಪ್ಪ ಅಡುಗೆಮನೆಗೆ ಬಂದು, ಮೊಸರಿನ ಪಾತ್ರೆಯ ಮುಚ್ಚಳ ತೆಗೆದರು. ಒಳಗೆ ಫಳಫಳ.

"ಹೆಪ್ಪೆಲ್ಲಿ?"

ಅವರು ನನ್ನ ಕಡೆ ತಿರುಗಿದರು. "ನಿಮ್ಮನೇಲಿದೆಯಲ್ಲ ಮಾರಾಯ, ಅವಳು ಕೊಟ್ಟಿದ್ದು. ಒಂದೇ ಒಂದು ಚಮಚ ತಂದ್ಕೊಡು."

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತು. "ಅದು ಯಾವತ್ತೋ ಕೆಟ್ಟು ಹೋಯ್ತಲ್ರೀ! ಈಗ ಪ್ಯಾಕೆಟ್ ಮೊಸರಲ್ವಾ?"

ಏನು ಮಾಡಲಿ? ಪಾಪಿ ನಾನು, ಪ್ಯಾಕೆಟ್ ಮೊಸರನ್ನೇ ಸ್ಟೀಲ್ ಡಬ್ಬಿಗೆ ಸುರಿದು ಭದ್ರಾವತಿ ಬಸ್ಸು ಹತ್ತಿದೆ.

ಚಿಕ್ಕಪ್ಪ ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು. "ಇದು ಅವಳದ್ದಲ್ಲ."

"ತಪ್ಪಾಯ್ತು ಚಿಕ್ಕಪ್ಪ..."

ಬೈಯಲಿಲ್ಲ. ಹಾಲು ಬೆಚ್ಚಗೆ ಮಾಡಿ, ಚಿಕ್ಕಮ್ಮನ ಹಾಗೆಯೇ ಬೆರಳದ್ದಿ ನೋಡಿ, ಅವರ ಪಾತ್ರೆಗೇ ಸುರಿದು, ನಾನು ತಂದಿದ್ದರಲ್ಲಿ ಒಂದು ಚಮಚ ಬೆರೆಸಿ ಮುಚ್ಚಿದರು. "ಹೆಪ್ಪಾಗೋವರೆಗೂ ಕೂತಿರು. ಒಬ್ನೇ ಕಾಯೋಕಾಗಲ್ಲ ಕಣೋ."

ಕೂತೆ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಅವರ ಬಾಯಿಂದ ಒಂದು ಮಾತಿಲ್ಲ. ಆ ಮೌನ ತಡೆಯಲಾಗದೆ, ಜನ್ಮದಲ್ಲಿ ಮೊದಲ ಸಲ ನಾನಾಗಿ ಕೇಳಿದೆ: "ಚಿಕ್ಕಪ್ಪ, ಈಗ ಒಳಗೆ ಏನಾಗ್ತಿದೆ ಹೇಳಿ."

"ಹಾಲಿನ ಸಕ್ಕರೆ ಒಡೀತಾ ಇರುತ್ತೆ..." ಎಂದು ಶುರುಮಾಡಿದವರು ಪೈರುವಿಕ್ ಆಮ್ಲದವರೆಗೂ ಬರಲಿಲ್ಲ. ಪಾತ್ರೆಯ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟರು.